ಹಳೆಯ ಕಂಪ್ಯೂಟರ್ ಹದಗೆಟ್ಟಾಗ: ಮೊದಲು ಕಡತ, ಆಮೇಲೆ ಯಂತ್ರ

ಮನೆಗೆ ಬಂದು ಹತ್ತು ಹನ್ನೆರಡು ವರ್ಷಗಳಾದ ಕಂಪ್ಯೂಟರ್ ಒಂದೇ ದಿನದಲ್ಲಿ ಕೆಟ್ಟು ನಿಲ್ಲುವುದು ಅಪರೂಪ. ಮೊದಮೊದಲು ಆನ್ ಆಗಲು ಐದು ನಿಮಿಷ ಹಿಡಿಯುತ್ತದೆ, ಬಳಿಕ ಕೆಲಸದ ನಡುವೆ ಹ್ಯಾಂಗ್ ಆಗತೊಡಗುತ್ತದೆ, ಒಂದು ಬೆಳಿಗ್ಗೆ ಅದರ ತಾರೀಕು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಇನ್ನೊಂದು ದಿನ ಗುಂಡಿ ಒತ್ತಿದಾಗ ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ಇನ್ನೂ ನಡೆಯುತ್ತಿದೆಯಲ್ಲ ಎಂದು ಸುಮ್ಮನಿರುತ್ತಾರೆ, ಇಲ್ಲವೇ ಸಿಪಿಯು ಡಬ್ಬವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ಯುತ್ತಾರೆ. ನನ್ನ ಚಿಕ್ಕಪ್ಪನವರು ಹಾಗೆ ಒಯ್ದು, ಸ್ಲೋ ಆಗಿದೆ, ಸರಿ ಮಾಡಿಕೊಡಿ ಎಂದಷ್ಟೇ ಹೇಳಿ ಬಂದಿದ್ದರು. ಮೂರನೆಯ ದಿನ ಕಂಪ್ಯೂಟರ್ ಹೊಸದರಂತೆ ಚುರುಕಾಗಿ ಮನೆಗೆ ಬಂತು, ಆದರೆ ಹಾರ್ಡ್ ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದ್ದರಿಂದ ಏಳು ವರ್ಷಗಳ ಫೋಟೋಗಳು ಹೋಗಿದ್ದವು. ಡಿಸ್ಕಿನಲ್ಲಿ ಏನಿದೆ ಎಂದು ಅಂಗಡಿಯವರು ಕೇಳಿರಲಿಲ್ಲ, ಇವರಿಗೂ ಹೇಳಬೇಕೆಂದು ತೋಚಿರಲಿಲ್ಲ.

ಹೀಗಾಗಿ ಈ ಲೇಖನದ ಹಂತಗಳಿಗೆಲ್ಲ ಒಂದೇ ಆಧಾರವಿದೆ: ದೋಷ ಏನೆಂದು ಹುಡುಕುವ ಮೊದಲೇ ಕಡತಗಳನ್ನು ಹೊರಗೆ ತೆಗೆಯಬೇಕು. ನೆನಪಿನ ಪಟ್ಟಿಯಾದ ರ‍್ಯಾಮ್, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್, ಇವೆಲ್ಲ ಜೋಡಣೆಯಾಗುವ ಮದರ್‌ಬೋರ್ಡ್ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ, ಮಗುವಿನ ನಾಮಕರಣದ ಫೋಟೋ ಎಲ್ಲಿಯೂ ಸಿಗುವುದಿಲ್ಲ. ಹಾಳಾಗುತ್ತಿರುವ ಹಾರ್ಡ್ ಡಿಸ್ಕ್ ಇನ್ನೆಷ್ಟು ಗಂಟೆ ತಿರುಗುತ್ತದೆ ಎಂದು ಯಾರೂ ಮೊದಲೇ ಹೇಳಲಾರರಾದ್ದರಿಂದ, ಆ ಉಳಿದ ಗಂಟೆಗಳನ್ನು ವೈರಸ್ ಸ್ಕ್ಯಾನ್, ಚದುರಿದ ಕಡತಗಳನ್ನು ಒಂದುಗೂಡಿಸುವ ಡಿಫ್ರಾಗ್, ಹೊಸ ತಂತ್ರಾಂಶದ ಅಳವಡಿಕೆ ಎಂದು ಕಳೆಯದೆ ನಕಲು ಮಾಡುವುದಕ್ಕಾಗಿಯೇ ಮೀಸಲಿಡಬೇಕು.

ಲಕ್ಷಣಗಳನ್ನು ಬರೆದಿಡುವುದು

ಕಂಪ್ಯೂಟರಿನ ಪಕ್ಕದಲ್ಲಿ ಒಂದು ಪುಸ್ತಕವನ್ನು ಇಟ್ಟುಕೊಂಡು, ತೊಂದರೆ ಕಾಣಿಸಿದಾಗಲೆಲ್ಲ ದಿನಾಂಕ, ಆಗ ಮಾಡುತ್ತಿದ್ದ ಕೆಲಸ, ಕೇಳಿಸಿದ ಸದ್ದು ಇವನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ನೀಲಿ ಪರದೆಯ ಮೇಲೆ ಸಂದೇಶ ಬಂದರೆ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ. ಆನ್ ಮಾಡಿದ ಅರ್ಧ ಗಂಟೆಯ ನಂತರವೇ ಆಫ್ ಆಗುತ್ತಿದ್ದರೆ ಬಿಸಿಯ ಕಡೆಗೂ, ಯಾವುದೋ ಒಂದು ಫೋಲ್ಡರ್ ತೆರೆದಾಗಲೇ ಹ್ಯಾಂಗ್ ಆಗುತ್ತಿದ್ದರೆ ಡಿಸ್ಕಿನ ಕಡೆಗೂ, ಹೊತ್ತುಗೊತ್ತಿಲ್ಲದೆ ಬೇರೆ ಬೇರೆ ನೀಲಿ ಸಂದೇಶಗಳು ಬರುತ್ತಿದ್ದರೆ ರ‍್ಯಾಮಿನ ಕಡೆಗೂ ಮೊದಲು ನೋಡಬೇಕಾಗುತ್ತದೆ. ನೀವು ಮುಂದೆ ಅಂಗಡಿಗೇ ಹೋದರೂ ಈ ಪುಸ್ತಕದ ಒಂದು ಪುಟ ರಿಪೇರಿಯವರಿಗೆ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ.

ಸದ್ದಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹಳೆಯ ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ, ಓದುವ ತಲೆ ಆ ತಟ್ಟೆಯನ್ನು ಮುಟ್ಟದೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೆಲಸ ಮಾಡುವಾಗ ಸಣ್ಣ ಕರಕರ ಸದ್ದು ಇರುವುದು ಸಹಜ. ಆದರೆ ಗಡಿಯಾರದಂತೆ ಒಂದೇ ಲಯದಲ್ಲಿ ಟಕ್, ಟಕ್, ಟಕ್ ಎಂದು ಬಡಿಯುವ ಸದ್ದು, ಅಥವಾ ಲೋಹ ಉಜ್ಜಿದಂಥ ಕೀರಲು ಸದ್ದು ಕೇಳಿಸಿದರೆ ತಲೆಯೋ ತಟ್ಟೆಯೋ ಹಾನಿಗೊಂಡಿರುವ ಸಾಧ್ಯತೆ ಹೆಚ್ಚು. ಅಂಥ ಸದ್ದಿನ ಜೊತೆಗೆ ಡಿಸ್ಕ್ ಕಾಣಿಸದೇ ಹೋದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬಾರದು. ತಲೆ ತಟ್ಟೆಯನ್ನು ಗೀಚುತ್ತಿದ್ದರೆ ಪ್ರತಿ ಪ್ರಯತ್ನದಲ್ಲೂ ಒಂದಷ್ಟು ಮಾಹಿತಿ ಪುಡಿಯಾಗಿ ಉದುರುತ್ತದೆ. ಕಡತಗಳು ನಿಮಗೆ ಅಷ್ಟು ಅಮೂಲ್ಯವಾಗಿದ್ದರೆ, ಮಾಹಿತಿ ಹೊರತೆಗೆಯುವುದನ್ನೇ ವೃತ್ತಿಯಾಗಿ ಮಾಡುವ, ಧೂಳಿಲ್ಲದ ಕೊಠಡಿ ಇರುವ ಸಂಸ್ಥೆಗೆ ಡಿಸ್ಕನ್ನು ಹಾಗೆಯೇ ಒಪ್ಪಿಸಬೇಕು. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ, ಹೊರತೆಗೆದಾಗ ಒಳಗೆ ಕೂರುವ ತೇವ ಉಳಿದದ್ದನ್ನೂ ಕೆಡಿಸುತ್ತದೆ.

ನಕಲು ಮಾಡುವ ಕ್ರಮ

ಕಂಪ್ಯೂಟರ್ ಇನ್ನೂ ಆನ್ ಆಗುತ್ತಿದ್ದರೆ ಯುಎಸ್‌ಬಿಗೆ ಹಾಕುವ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಕೊಂಡುತನ್ನಿ. ಈ ಇಡೀ ಕೆಲಸದಲ್ಲಿ ತಡಮಾಡದೆ ಹಣ ಹಾಕಬೇಕಾದ ವಸ್ತು ಇದೊಂದೇ. ಪೆನ್ ಡ್ರೈವ್ ಸಾಕೆನ್ನುವವರು ಒಂದು ವಿಷಯವನ್ನು ಗಮನಿಸಬೇಕು: ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡದಾದ ಒಂಟಿ ಕಡತವನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಮದುವೆಯ ವಿಡಿಯೋ ಅದರೊಳಗೆ ಹೋಗದೆ ಉಳಿಯಬಹುದು.

ಇಡೀ ಡಿ ಡ್ರೈವನ್ನು ಒಮ್ಮೆಗೇ ಎಳೆದು ಹಾಕುವುದು ಸುಲಭವೆನಿಸಿದರೂ ಹಾಗೆ ಮಾಡಬೇಡಿ. ನಡುವೆ ಒಂದು ಕೆಟ್ಟ ಕಡತ ಸಿಕ್ಕಿ ನಕಲು ನಿಂತರೆ ಯಾವುದು ಬಂತು, ಯಾವುದು ಉಳಿಯಿತು ಎಂಬುದೇ ತಿಳಿಯದಂತಾಗುತ್ತದೆ. ಮತ್ತೆ ಸಿಗಲಾರದ್ದು ಮೊದಲು, ಇಂಟರ್ನೆಟ್ಟಿನಲ್ಲಿ ಪುನಃ ಸಿಗುವಂಥದ್ದು ಕೊನೆಗೆ ಎಂಬ ಕ್ರಮದಲ್ಲಿ ಒಂದೊಂದೇ ಫೋಲ್ಡರನ್ನು ನಕಲು ಮಾಡಿ, ಪುಸ್ತಕದಲ್ಲಿ ಗುರುತು ಹಾಕುತ್ತ ಹೋಗಿ. ಮನೆಯವರು ಬರೆದದ್ದು, ಫೋಟೋ ಮತ್ತು ಧ್ವನಿಮುದ್ರಣ, ಜಮೀನು ಹಾಗೂ ತೆರಿಗೆಯ ಸ್ಕ್ಯಾನ್ ಪ್ರತಿಗಳು, ಟ್ಯಾಲಿಯ ಲೆಕ್ಕವಿದ್ದರೆ ಅದರ ಡೇಟಾ ಫೋಲ್ಡರ್, ಇವು ಮೊದಲ ಸಾಲಿನವು. ಯಾವುದಾದರೂ ಕಡತದಲ್ಲಿ ಸಿಕ್ಕಿಬಿದ್ದರೆ ಸ್ಕಿಪ್ ಒತ್ತಿ ಮುಂದಿನದಕ್ಕೆ ಹೋಗಿ, ಅದರೊಡನೆ ಗುದ್ದಾಡುವುದನ್ನು ಎಲ್ಲ ಮುಗಿದ ಮೇಲೆ ಇಟ್ಟುಕೊಳ್ಳಿ. ಹಳೆಯ ಯಂತ್ರದ ಯುಎಸ್‌ಬಿ 2.0 ಕಿಂಡಿಯಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ವೇಗ ಸಿಗುವುದರಿಂದ 200 ಜಿಬಿಗೆ ಎರಡು ಗಂಟೆ ಹತ್ತಿರ ಬೇಕಾಗುತ್ತದೆ. ಹಿಂಬದಿಯಲ್ಲಿ ನೀಲಿ ಬಣ್ಣದ ಯುಎಸ್‌ಬಿ ಕಿಂಡಿಯಿದ್ದರೆ ಅದು ಸಾಮಾನ್ಯವಾಗಿ 3.0 ಆಗಿರುವುದರಿಂದ ಅದನ್ನೇ ಬಳಸಿ.

ಕಣ್ತಪ್ಪಿ ಉಳಿದುಬಿಡುವ ಜಾಗಗಳು ಕೆಲವಿವೆ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಫೋಲ್ಡರುಗಳು ಸಿ ಡ್ರೈವಿನಲ್ಲಿ ಬಳಕೆದಾರರ ಹೆಸರಿನ ಕೆಳಗೆ ಇರುತ್ತವೆ, ಡಿ ಡ್ರೈವ್ ಮಾತ್ರ ನಕಲು ಮಾಡಿದವರು ಇವನ್ನು ಕಳೆದುಕೊಳ್ಳುತ್ತಾರೆ. ಔಟ್‌ಲುಕ್ ಬಳಸುತ್ತಿದ್ದವರ ಹಳೆಯ ಪತ್ರಗಳೆಲ್ಲ ಒಂದೇ ಪಿಎಸ್‌ಟಿ ಕಡತದಲ್ಲಿ ಕೂತಿರುತ್ತವೆ. ಬ್ರೌಸರ್ ನೆನಪಿಟ್ಟುಕೊಂಡಿರುವ ಪಾಸ್‌ವರ್ಡುಗಳನ್ನು ಬರೆದುಕೊಳ್ಳದಿದ್ದರೆ ಕಂಪ್ಯೂಟರಿನ ಜೊತೆಗೆ ವಿದ್ಯುತ್ ಬಿಲ್ಲಿನ ಖಾತೆಯೂ ಕೈತಪ್ಪುತ್ತದೆ. ಕನ್ನಡದಲ್ಲಿ ಬರೆದವರು ಇನ್ನೊಂದು ಫೋಲ್ಡರನ್ನು ಖಂಡಿತ ತೆಗೆದುಕೊಳ್ಳಬೇಕು: ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್. ಅದರ ಕಾರಣವನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ವಿಂಡೋಸ್ ತೆರೆಯುವುದೇ ಇಲ್ಲ, ಆದರೆ ಡಿಸ್ಕಿನಲ್ಲಿ ಕೆಟ್ಟ ಸದ್ದಿಲ್ಲ ಎಂದಾದರೆ ಆಶೆ ಬಿಡಬೇಕಾಗಿಲ್ಲ. ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಬೇರೆಯವರ ಕಂಪ್ಯೂಟರಿನಲ್ಲಿ ಇಳಿಸಿಕೊಂಡು, ಅದರಿಂದ ಪೆನ್ ಡ್ರೈವ್ ತಯಾರಿಸಿ, ನಿಮ್ಮ ಯಂತ್ರವನ್ನು ಅದರಿಂದಲೇ ಆನ್ ಮಾಡಬಹುದು. ಡಿಸ್ಕಿಗೆ ಏನನ್ನೂ ಹಾಕದೆ ಪೆನ್ ಡ್ರೈವಿನಿಂದಲೇ ನಡೆಯುವ ಈ ವ್ಯವಸ್ಥೆಯಲ್ಲಿ ನಿಮ್ಮ ಡ್ರೈವುಗಳು ಫೋಲ್ಡರುಗಳಾಗಿ ಕಾಣಿಸುತ್ತವೆ, ಅಲ್ಲಿಂದ ಹೊರಗಿನ ಡಿಸ್ಕಿಗೆ ನಕಲು ಮಾಡಬಹುದು. ಪರದೆಯ ಮೇಲೆ ಇನ್‌ಸ್ಟಾಲ್ ಎಂಬ ಚಿತ್ರ ಇರುತ್ತದೆ, ಅದನ್ನು ಮಾತ್ರ ಈಗ ಒತ್ತಬೇಡಿ. ಅಲ್ಲಲ್ಲಿ ಓದಲಾಗದ ಜಾಗಗಳಿರುವ ಡಿಸ್ಕಾದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಸಲೀಸಾಗಿ ಓದಲಾಗುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಡಿಸ್ಕನ್ನು ಪರೀಕ್ಷಿಸುವ ವಿಂಡೋಸಿನ ಚೆಕ್‌ಡಿಸ್ಕ್ ಹೀಗಲ್ಲ. ಸರಿಪಡಿಸುವ ಆಯ್ಕೆಯೊಡನೆ ಅದನ್ನು ನಡೆಸಿದರೆ ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಕಡತಗಳನ್ನು ತುಂಡು ಮಾಡುವುದೂ ಉಂಟು. ಆದ್ದರಿಂದ ನಕಲು ಮುಗಿಯುವ ತನಕ ಅದನ್ನು ನಡೆಸಬಾರದು.

ನಕಲಾದ ಮೇಲೆ ಹೊರಗಿನ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ಹತ್ತಿಪ್ಪತ್ತು ಕಡತಗಳನ್ನು ನಿಜವಾಗಿ ತೆರೆದು ನೋಡಿ. ಹೆಸರು ಮಾತ್ರ ಬಂದು ಒಳಗೆ ಸೊನ್ನೆ ಗಾತ್ರವಿರುವ ಫೋಟೋಗಳನ್ನು ನಾನು ಕಂಡಿದ್ದೇನೆ. ಇನ್ನೊಂದು ಪ್ರತಿಯನ್ನು ಮನೆಯ ಹೊರಗೆ, ಅಂದರೆ ಗೂಗಲ್ ಡ್ರೈವಿನಂಥ ಕಡೆಯಲ್ಲೋ ಬೇರೆ ಊರಿನಲ್ಲಿರುವ ಮಕ್ಕಳ ಬಳಿಯೋ ಇಡುವ ತನಕ ಈ ಹಂತ ಮುಗಿದಂತಲ್ಲ.

ಡಿಸ್ಕಿನ ಆರೋಗ್ಯ

ಹಾರ್ಡ್ ಡಿಸ್ಕುಗಳು ತಮ್ಮ ದೋಷಗಳ ಲೆಕ್ಕವನ್ನು ತಾವೇ ಇಟ್ಟುಕೊಳ್ಳುತ್ತವೆ. ಈ ಲೆಕ್ಕಕ್ಕೆ ಸ್ಮಾರ್ಟ್ ಎಂದು ಹೆಸರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ಓದಿ ನೀಲಿ, ಹಳದಿ, ಕೆಂಪು ಬಣ್ಣಗಳಲ್ಲಿ ಸ್ಥಿತಿಯನ್ನು ತೋರಿಸುತ್ತದೆ. ಬಣ್ಣಕ್ಕಿಂತ ಕೆಳಗಿನ ಪಟ್ಟಿಯ ಕೆಲವು ಸಾಲುಗಳನ್ನು ನೋಡುವುದು ಮುಖ್ಯ. 05 ಎಂಬ ಸಾಲು ಕೆಟ್ಟಿರುವ ಜಾಗಗಳಿಗೆ ಬದಲಾಗಿ ಬೇರೆ ಜಾಗಗಳನ್ನು ಎಷ್ಟು ಬಾರಿ ಬಳಸಬೇಕಾಯಿತು ಎಂಬುದನ್ನೂ, ಸಿ5 ಎಂಬುದು ಓದಲು ತಿಣುಕುತ್ತಿರುವ ಜಾಗಗಳನ್ನೂ, ಸಿ6 ಎಂಬುದು ಸರಿಪಡಿಸಲಾಗದೇ ಉಳಿದವನ್ನೂ ಹೇಳುತ್ತವೆ. ಇಲ್ಲಿನ ಮೂಲ ಅಂಕಿಗಳು ಸಾಮಾನ್ಯವಾಗಿ ಹದಿನಾರರ ಲೆಕ್ಕದಲ್ಲಿ ಬರುವುದರಿಂದ 1ಎ ಎಂದು ಕಂಡರೆ ಅದು 26 ಎಂದು ತಿಳಿಯಬೇಕು. ಒಂದೆರಡು ಜಾಗ ಕೆಟ್ಟು ವರ್ಷಗಟ್ಟಲೆ ಹಾಗೆಯೇ ನಡೆಯುವ ಡಿಸ್ಕುಗಳಿವೆ; ವಾರದಿಂದ ವಾರಕ್ಕೆ ಅಂಕಿ ಏರುತ್ತಿದ್ದರೆ ಮಾತ್ರ ಆ ಡಿಸ್ಕಿಗೆ ಇನ್ನು ಯಾವ ಹೊಸ ಕಡತವನ್ನೂ ಒಪ್ಪಿಸಬಾರದು.

ಇದೇ ಪಟ್ಟಿಯಲ್ಲಿ ಸಿ7 ಎಂಬ ಸಾಲೂ ಇದೆ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಾಟದಲ್ಲಾದ ತಪ್ಪುಗಳನ್ನು ಅದು ಎಣಿಸುತ್ತದೆ. ಉಳಿದ ಸಾಲುಗಳೆಲ್ಲ ಸೊನ್ನೆಯಾಗಿದ್ದು ಇದೊಂದೇ ಏರುತ್ತಿದ್ದರೆ ತೊಂದರೆ ಹೆಚ್ಚಾಗಿ ಇವೆರಡನ್ನೂ ಜೋಡಿಸುವ ತೆಳ್ಳಗಿನ ಸಾಟಾ ಕೇಬಲ್ಲಿನಲ್ಲಿರುತ್ತದೆ, ಅದನ್ನು ಬದಲಿಸಿದರೆ ಡಿಸ್ಕ್ ಬದಲಿಸುವ ಖರ್ಚೇ ತಪ್ಪುತ್ತದೆ. ಈ ಸಾಲನ್ನು ನೋಡದೆ ಒಳ್ಳೆಯ ಡಿಸ್ಕನ್ನು ಎಸೆಯುವವರಿದ್ದಾರೆ ಎಂಬುದು ನನಗೆ ಬೇಸರದ ಸಂಗತಿ.

ತಾರೀಕು ಹಿಂದಕ್ಕೆ ಹೋಗುವುದು

ಇದು ನೋಡಲು ಗಾಬರಿ ಹುಟ್ಟಿಸಿದರೂ ಅತ್ಯಂತ ಅಗ್ಗದಲ್ಲಿ ಸರಿಯಾಗುವ ದೋಷ. ಮದರ್‌ಬೋರ್ಡಿನ ಮೇಲೆ ದೊಡ್ಡ ನಾಣ್ಯದಂಥ ಗಡಿಯಾರವನ್ನು ನಡೆಸುವ 3 ವೋಲ್ಟಿನ ಸಿಆರ್2032 ಸೆಲ್ ಇರುತ್ತದೆ, ಕೈಗಡಿಯಾರದ ಅಂಗಡಿಯಲ್ಲೂ ಅದು ಸಿಗುತ್ತದೆ. ಅದು ಸತ್ತ ಮೇಲೆ, ಗೋಡೆಯ ಸ್ವಿಚ್ ಆನ್ ಇರುವಷ್ಟು ದಿನ ಸಮಯ ಸರಿಯಾಗಿದ್ದು, ಸ್ವಿಚ್ ಆರಿಸಿದ ದಿನ ಮಾತ್ರ ತಾರೀಕು ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಾಗಿರುವಾಗ ಬ್ಯಾಂಕಿನ ಜಾಲತಾಣ ತೆರೆದರೆ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ, ಏಕೆಂದರೆ ಆ ತಾಣದ ಪ್ರಮಾಣಪತ್ರ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇರುವುದಿಲ್ಲ. ಇದನ್ನು ವೈರಸ್ ಎಂದು ತಿಳಿದು ಫಾರ್ಮ್ಯಾಟ್ ಮಾಡಿಸಿದ ಮನೆಯನ್ನೂ ನಾನು ಬಲ್ಲೆ.

ಬದಲಿಸುವ ಮೊದಲು, ವಿದ್ಯುತ್ ಇರುವಾಗಲೇ ಬಯಾಸ್, ಅಂದರೆ ಯಂತ್ರದ ಮೂಲ ಆಯ್ಕೆಗಳ ಪುಟಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಡಿ. ಸೆಲ್ ತೆಗೆದಾಗ ಅಲ್ಲಿನ ಆಯ್ಕೆಗಳು ಅಳಿಸಿಹೋಗುತ್ತವೆ. ಡಿಸ್ಕಿನೊಡನೆ ವ್ಯವಹರಿಸುವ ಸಾಟಾ ವಿಧಾನ ಎಎಚ್‌ಸಿಐನಿಂದ ಐಡಿಇಗೆ ತಾನಾಗಿ ಬದಲಾದರೆ ಚೆನ್ನಾಗಿದ್ದ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ, ಚಿಕ್ಕ ಮಕ್ಕಳು ನುಂಗಿದರೆ ಪ್ರಾಣಕ್ಕೇ ಅಪಾಯ.

ಡಬ್ಬ ಬಿಚ್ಚಿ ಶುಚಿ ಮಾಡುವುದು

ಕಡತಗಳು ಹೊರಗೆ ಬಂದಾದ ಮೇಲೆ ಇನ್ನು ಧೈರ್ಯದಿಂದ ಸ್ಕ್ರೂಡ್ರೈವರ್ ಹಿಡಿಯಬಹುದು. ಗೋಡೆಯ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಉಳಿದ ವಿದ್ಯುತ್ತನ್ನು ಖಾಲಿ ಮಾಡಿ, ಡಬ್ಬದ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ ಕೆಲಸ ಆರಂಭಿಸಿ. ಒಳಗಿನ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳು ಜೀವಕ್ಕೆ ಎರವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

ನಮ್ಮ ಮನೆಯ ಕಂಪ್ಯೂಟರನ್ನು ಹತ್ತು ವರ್ಷಗಳ ಬಳಿಕ ಮೊದಲ ಬಾರಿಗೆ ಬಿಚ್ಚಿದಾಗ ಪ್ರೊಸೆಸರಿನ ಬಿಸಿಯನ್ನು ಹೀರಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಕಾಣಿಸಲೇ ಇಲ್ಲ. ಫ್ಯಾನಿನ ಕೆಳಗೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು, ಬೆರಳಿನಲ್ಲಿ ಹಿಡಿದು ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು, ಅದರ ಅಡಿಯಲ್ಲಿ ಸತ್ತ ಇರುವೆಗಳ ಸಾಲು ಇತ್ತು. ಅಡುಗೆಮನೆಯ ಒಗ್ಗರಣೆಯ ಜಿಡ್ಡೂ ಅಂಗಳದ ಮಣ್ಣೂ ಸೇರುವ ನಮ್ಮ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಒಣಗಿದ ಮೆತ್ತನೆಯ ಬಣ್ಣದ ಬ್ರಷ್ ಮತ್ತು ಬ್ಲೋವರ್ ಇದಕ್ಕೆ ಸಾಕು. ಗಾಳಿ ಹೊಡೆಯುವಾಗ ಫ್ಯಾನ್ ಗಿರಗಿರನೆ ತಿರುಗಿ ಅದರ ಬೇರಿಂಗ್ ಹಾಳಾಗುವುದರಿಂದ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯಲ್ಲಿ ಸ್ಥಿರವಿದ್ಯುತ್ ಹುಟ್ಟುವುದರಿಂದ ಅದು ಬೇಡ.

ಶುಚಿಯಾದ ಮೇಲೂ ಬಿಸಿ ಇಳಿಯದಿದ್ದರೆ, ಅಂದರೆ ಸುಮ್ಮನೆ ಕೂತಿರುವಾಗಲೇ ಪ್ರೊಸೆಸರ್ 70 ಡಿಗ್ರಿ ಸೆಲ್ಸಿಯಸ್ ದಾಟಿ, ಕೆಲಸ ಕೊಟ್ಟೊಡನೆ 90ರ ಮೇಲೆ ಏರುತ್ತಿದ್ದರೆ, ಹೀಟ್‌ಸಿಂಕಿನ ಅಡಿಯಲ್ಲಿ ಬಿಸಿಯನ್ನು ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿದೆ ಎಂದು ಊಹಿಸಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಟ್ಟು ಹೀಟ್‌ಸಿಂಕ್ ಕೂರಿಸಬೇಕು. ಇಂಟೆಲ್ ಯಂತ್ರಗಳ ನಾಲ್ಕು ಮೂಲೆಯ ಗುಬಟುಗಳನ್ನು ಅವುಗಳ ಮೇಲಿನ ಬಾಣದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತವೆ. ಹಳೆಯ ಎಎಂಡಿ ಯಂತ್ರಗಳಲ್ಲಿ ಪೇಸ್ಟ್ ಗಟ್ಟಿಯಾಗಿ ಅಂಟಿಕೊಂಡು, ಹೀಟ್‌ಸಿಂಕ್ ಎಳೆದರೆ ಪ್ರೊಸೆಸರೂ ಜೊತೆಗೆ ಕಿತ್ತು ಬಂದು ಅದರ ಸೂಜಿಕಾಲುಗಳು ಬಾಗುತ್ತವೆ. ಅದಕ್ಕಾಗಿ ಯಂತ್ರವನ್ನು ಹತ್ತು ನಿಮಿಷ ನಡೆಸಿ ಬೆಚ್ಚಗೆ ಮಾಡಿ, ಆರಿಸಿ, ಪ್ಲಗ್ ಕಿತ್ತು, ನಿಧಾನವಾಗಿ ಅತ್ತಿತ್ತ ಹೊರಳಿಸಿ ಬಿಡಿಸಬೇಕು.

ಗುಂಡಿ ಒತ್ತಿದಾಗ ಬೀಪ್ ಬೀಪ್ ಎಂದು ಕೂಗುತ್ತ ಪರದೆ ಬಾರದಿದ್ದರೆ ಮೊದಲ ಅನುಮಾನ ರ‍್ಯಾಮಿನ ಮೇಲೆ. ಎರಡೂ ಬದಿಯ ಚಿಮುಟ ಬಿಡಿಸಿ ಪಟ್ಟಿಯನ್ನು ಹೊರತೆಗೆದು, ಬಂಗಾರದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕೊಡವಿ, ಕ್ಲಿಕ್ ಎನ್ನುವ ತನಕ ಒತ್ತಿ ಕೂರಿಸಿ. ರಬ್ಬರ್ ಉಜ್ಜುವುದು ನಮ್ಮ ಎಲ್ಲ ರಿಪೇರಿ ಅಂಗಡಿಗಳ ಮೊದಲ ಮದ್ದು, ಬಹಳ ಸಲ ಫಲಿಸುವ ಮದ್ದು ಕೂಡ. ಆದರೂ ಪದೇ ಪದೇ ಉಜ್ಜಿದರೆ ಲೇಪ ಸವೆಯುತ್ತದೆಯಾದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಇದ್ದರೆ ಅದೇ ಮೇಲು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೆಟ್ಟಿದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಆನ್ ಆಗಿಯೂ ಅನುಮಾನ ಉಳಿದರೆ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವನ್ನು ಪೆನ್ ಡ್ರೈವಿನಿಂದ ಒಂದು ರಾತ್ರಿ ನಡೆಸಿಡಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಆ ಪಟ್ಟಿಯನ್ನು ಬದಲಿಸಬೇಕು.

ಮದರ್‌ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳ ನೆತ್ತಿಯನ್ನು ಟಾರ್ಚ್ ಹಾಕಿ ನೋಡಿ. ಅವು ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ, ಆ ಬೋರ್ಡಿನ ದಿನಗಳು ಮುಗಿಯುತ್ತ ಬಂದಿವೆ.

ವಿದ್ಯುತ್ತಿನ ಕಡೆಯ ದೋಷಗಳು

ಗುಂಡಿ ಒತ್ತಿದಾಗ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುವುದು, ಭಾರದ ಕೆಲಸ ಕೊಟ್ಟೊಡನೆ ತಾನೇ ರೀಸ್ಟಾರ್ಟ್ ಆಗುವುದು, ಸುಟ್ಟ ವಾಸನೆ, ಇವು ಎಸ್‌ಎಂಪಿಎಸ್ ಸೋಲುತ್ತಿರುವ ಲಕ್ಷಣಗಳು. ಮಲ್ಟಿಮೀಟರ್ ಬಳಸಲು ಬಲ್ಲವರು ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟಿನ ಒಳಗೆ ಇದೆಯೇ ಎಂದು ನೋಡಬಹುದು, ಉಳಿದವರು ಸ್ನೇಹಿತರಲ್ಲಿ ಚೆನ್ನಾಗಿರುವ ಎಸ್‌ಎಂಪಿಎಸ್ ಒಂದನ್ನು ಕೇಳಿ ತಂದು ಜೋಡಿಸಿ ನೋಡುವುದೇ ಸರಳ. ಹೊಸದನ್ನು ಕೊಳ್ಳುವಾಗ ಹೆಸರಿಲ್ಲದ ಅಗ್ಗದ ಮಾಲನ್ನು ಬಿಟ್ಟುಬಿಡಿ, ಅದು ಸಾಯುವಾಗ ಬೋರ್ಡನ್ನೂ ಜೊತೆಗೆ ಒಯ್ಯುತ್ತದೆ.

ಯುಪಿಎಸ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಒಮ್ಮೆ ಎಲ್ಲ ಕಡತಗಳನ್ನೂ ಮುಚ್ಚಿ ಯುಪಿಎಸ್‌ಗೆ ವಿದ್ಯುತ್ ಕೊಡುವ ಸ್ವಿಚ್ಚನ್ನು ಆರಿಸಿ ನೋಡಬೇಕು. ಕಂಪ್ಯೂಟರ್ ಕೂಡಲೇ ಆರಿಹೋದರೆ ಒಳಗಿನ ಬ್ಯಾಟರಿ ಸತ್ತಿದೆ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ, ನಮ್ಮ ಸೆಕೆಯಲ್ಲಿ ಅದು ಎರಡು ಮೂರು ವರ್ಷ ಬಾಳುತ್ತದೆ, ಅದೊಂದನ್ನೇ ಬದಲಿಸಬಹುದು. ಭರಣಿ, ಕೃತ್ತಿಕೆ ಮಳೆಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು, ಮೋಡೆಮ್ಮಿನಿಂದ ಬರುವ ಇಂಟರ್ನೆಟ್ ಕೇಬಲ್ಲನ್ನೂ ಕೀಳಬೇಕು. ಮಲೆನಾಡಿನಲ್ಲಿ ಸಿಡಿಲು ಕಂಪ್ಯೂಟರುಗಳನ್ನು ಸುಡುವ ದಾರಿಗಳಲ್ಲಿ ತಾಮ್ರದ ಟೆಲಿಫೋನ್ ತಂತಿಯೂ ಒಂದು.

ಉಳಿಸಿಕೊಳ್ಳಬೇಕೇ, ಬಿಡಬೇಕೇ

ನನ್ನ ಅಳತೆಗೋಲು ಹೀಗಿದೆ. ಕೆಟ್ಟಿರುವುದು ಡಿಸ್ಕ್, ರ‍್ಯಾಮ್, ಸೆಲ್, ಫ್ಯಾನ್ ಅಥವಾ ಎಸ್‌ಎಂಪಿಎಸ್ ಆಗಿದ್ದರೆ ಸರಿಮಾಡಿಸಿ. ಮದರ್‌ಬೋರ್ಡ್ ಆಗಿದ್ದರೆ ಹಳೆಯ ಬೋರ್ಡ್ ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರಸ್ತೆ ಸುತ್ತುವ ಶ್ರಮವನ್ನು ಬಿಡಿ, ಅಲ್ಲಿ ಅದು ಸಿಕ್ಕರೂ ಅದು ಕೂಡ ನಿಮ್ಮದರಷ್ಟೇ ವಯಸ್ಸಾದ ಬೋರ್ಡ್. ಸರಿಮಾಡಿಸುವುದೆಂದಾದರೆ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ತಿರುಗುವ ತಟ್ಟೆಯಿಲ್ಲದ ಇದರಲ್ಲಿ ಚದುರಿದ ಸಣ್ಣ ಕಡತಗಳು ಹತ್ತಾರು ಪಟ್ಟು ಬೇಗ ಸಿಗುವುದರಿಂದ ಐದು ನಿಮಿಷ ಹಿಡಿಯುತ್ತಿದ್ದ ಆರಂಭ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ಹಳೆಯ ಡಿಸ್ಕನ್ನು ಇದ್ದ ಹಾಗೆಯೇ ಎಸ್‌ಎಸ್‌ಡಿಗೆ ಇಳಿಸುವುದಕ್ಕಿಂತ ಎಲ್ಲವನ್ನೂ ಹೊಸದಾಗಿ ಹಾಕುವುದು ಒಳ್ಳೆಯದು. ರ‍್ಯಾಮ್ ಕೊಳ್ಳುವಾಗ ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲವಾದ್ದರಿಂದ ಹಳೆಯ ಪಟ್ಟಿಯನ್ನು ಜೊತೆಗೆ ಒಯ್ಯಿರಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆದಾರರು ಹೆಸರು ನೋಂದಾಯಿಸಿದರೆ ಸುರಕ್ಷಾ ಪರಿಷ್ಕರಣೆಗಳು 2026ರ ಅಕ್ಟೋಬರ್ 13ರ ತನಕ ಸಿಗುವ ವ್ಯವಸ್ಥೆಯನ್ನು ಅದು ಮಾಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಇರಬೇಕು, ಇಂಟೆಲ್ ಆದರೆ ಎಂಟನೆಯ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರ್ ಬೇಕು ಎಂಬ ನಿಯಮವಿರುವುದರಿಂದ 2017ಕ್ಕಿಂತ ಹಿಂದೆ ಕೊಂಡ ಯಂತ್ರಗಳಿಗೆ ಅದು ಸಿಗುವುದಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ, ಅಂಥ ಯಂತ್ರಗಳಿಗೆ ಪರಿಷ್ಕರಣೆ ಬರುವ ಖಾತರಿ ಇಲ್ಲ. ಬರವಣಿಗೆ, ಇಂಟರ್ನೆಟ್, ವಿಡಿಯೋ ಇಷ್ಟೇ ಕೆಲಸವಿರುವ ಮನೆಗೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿಯನ್ನು ಹಾಕಿಕೊಳ್ಳುವಂತೆ ನಾನು ಒತ್ತಾಯಿಸಿಯೇ ಹೇಳುತ್ತೇನೆ: ಅದು ಉಚಿತ, 4 ಜಿಬಿ ರ‍್ಯಾಮಿನಲ್ಲಿ ಹಾಯಾಗಿ ನಡೆಯುತ್ತದೆ, ಅದರ ಟೈಪಿಂಗ್ ಸಲಕರಣೆಯಾದ ಐಬಸ್ ಮೂಲಕ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡರೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೀಲಿಗಳಲ್ಲೇ ಕನ್ನಡ ಬರೆಯಬಹುದು. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಹಳೆಯ ಪ್ರಿಂಟರ್ ಇವುಗಳ ಅಗತ್ಯವಿರುವವರು ಮಾತ್ರ ಪೆನ್ ಡ್ರೈವಿನಿಂದ ನಡೆಸಿ ನೋಡಿದ ಮೇಲೆ ನಿರ್ಧರಿಸಬೇಕು.

ನುಡಿ, ಬರಹ, ಶ್ರೀಲಿಪಿಯ ಹಳೆಯ ಕಡತಗಳು

ಕನ್ನಡದವರಿಗೆ ಈ ಹಂತದ ಬಗ್ಗೆ ಹೇಳುವವರು ಕಡಿಮೆ, ನಷ್ಟ ಮಾತ್ರ ಇಲ್ಲಿಯೇ ದೊಡ್ಡದು. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ರೂಢಿಯಾಗುವ ಮೊದಲು ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಬರಹದಲ್ಲಿ, ಶ್ರೀಲಿಪಿಯಲ್ಲಿ ಟೈಪು ಮಾಡಿದ ಕಡತಗಳ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು; ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಆ ಫಾಂಟ್. ಫಾಂಟ್ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ತೆರೆದರೆ, ನೆತ್ತಿಯ ಮೇಲೆ ಗೀಟು, ಸೊನ್ನೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಪುಟ ತುಂಬ ಹರಡಿಕೊಂಡಿರುತ್ತದೆ. ಕಡತ ಕೆಟ್ಟಿದೆ ಎಂದು ತಿಳಿದು ಅಳಿಸಿದವರು ಎಷ್ಟೋ ಮಂದಿ.

ನಿವೃತ್ತ ಶಿಕ್ಷಕರಾದ ನಮ್ಮ ತಂದೆಯವರು ನಮ್ಮ ಊರಿನ ಕೆರೆಗಳ ಬಗ್ಗೆ, ಅವುಗಳ ಹೂಳು ತೆಗೆಯುತ್ತಿದ್ದ ಕ್ರಮದ ಬಗ್ಗೆ ನುಡಿಯಲ್ಲಿ 140 ಪುಟ ಬರೆದಿಟ್ಟಿದ್ದರು. ಹೊಸ ಯಂತ್ರದಲ್ಲಿ ಅದು ಗೋಜಲಾಗಿ ಕಂಡ ದಿನ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತುಬಿಟ್ಟರು. ಫಾಂಟ್ಸ್ ಫೋಲ್ಡರಿನ ನಕಲು ನಮ್ಮ ಬಳಿ ಇದ್ದದ್ದರಿಂದ ಅದರಿಂದ ನುಡಿಯ ಫಾಂಟುಗಳನ್ನು ಹಾಕಿದೊಡನೆ ಎಲ್ಲ ಪುಟಗಳೂ ಕನ್ನಡವಾಗಿ ಮರಳಿದವು.

ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಮಾಡಬೇಕಾದ ಕೆಲಸವೊಂದಿದೆ. ಮುಖ್ಯವಾದ ಪ್ರತಿ ಕಡತವನ್ನೂ ಅಲ್ಲಿಯೇ ತೆರೆದು ಪಿಡಿಎಫ್ ಆಗಿ ಉಳಿಸಿ. ಫಾಂಟ್ ಪಿಡಿಎಫ್‌ನ ಒಳಗೇ ಸೇರಿಕೊಳ್ಳುವುದರಿಂದ ಮುಂದೆ ಯಾವ ಯಂತ್ರದಲ್ಲಿ ತೆರೆದರೂ ಅಕ್ಷರಗಳು ಹಾಗೆಯೇ ಕಾಣುತ್ತವೆ, ಪರಿವರ್ತನೆಯಲ್ಲಿ ತಪ್ಪಾದಾಗ ಹೋಲಿಸಿ ನೋಡಲು ಅದೇ ಸಾಕ್ಷಿ. ನಂತರ ಪರಿವರ್ತಕ ತಂತ್ರಾಂಶದಿಂದ ಕಡತವನ್ನು ಯುನಿಕೋಡಿಗೆ ಬದಲಿಸಿ. ಬರಹದ ಜೊತೆಗೆ ಪರಿವರ್ತಕ ಬರುತ್ತದೆ, ನುಡಿಯ ಕಡತಗಳಿಗೂ ಉಚಿತ ಪರಿವರ್ತಕಗಳಿವೆ. ಬದಲಾದ ಪಠ್ಯವನ್ನು ಓದುವಾಗ ಅರ್ಕಾವತ್ತು ಬರುವ ಪದಗಳು, ಎರಡು ಒತ್ತು ಸೇರುವ ಶಾಸ್ತ್ರ, ರಾಷ್ಟ್ರದಂಥ ಪದಗಳು, ಅಂಕಿಗಳು ಇವುಗಳ ಮೇಲೆ ಕಣ್ಣಿಡಿ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡುವುದುಂಟು. ಮೂಲ ಕಡತವನ್ನೂ ಫಾಂಟನ್ನೂ ಪಿಡಿಎಫ್ ಅನ್ನೂ ಯುನಿಕೋಡ್ ಪ್ರತಿಯನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ನಮ್ಮ ಮನೆಯ 140 ಪುಟಗಳನ್ನು ಹೀಗೆ ತಿದ್ದಲು ಸಂಜೆಗೆ ಒಂದು ಗಂಟೆಯಂತೆ ಮೂರು ವಾರ ಹಿಡಿಯಿತು, ತಿದ್ದಿದವರು ತಂದೆಯವರೇ.

ಹಳೆಯದನ್ನು ಮನೆಯಿಂದ ಕಳುಹಿಸುವಾಗ

ಹೊಸ ವ್ಯವಸ್ಥೆಯಲ್ಲಿ ಒಂದು ತಿಂಗಳು ಕೆಲಸ ಮಾಡಿ, ಬೇಕಾದದ್ದೆಲ್ಲ ಸಿಕ್ಕಿದೆ ಎಂದು ಖಚಿತವಾದ ಮೇಲೆ ಮಾತ್ರ ಹಳೆಯ ಡಿಸ್ಕನ್ನು ಅಳಿಸಿ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಕಡತಗಳು ಒಳಗೇ ಉಳಿದಿರುತ್ತವೆ, ಹುಡುಕುವವರಿಗೆ ಆಧಾರ್ ಪ್ರತಿಯೂ ಸಿಗುತ್ತದೆ. ಕ್ವಿಕ್ ಫಾರ್ಮ್ಯಾಟ್ ಎಂಬುದರ ಎದುರಿನ ಸರಿ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇಡೀ ಡ್ರೈವಿನ ಮೇಲೆ ಸೊನ್ನೆಗಳನ್ನು ಬರೆಯುತ್ತದೆ, ಹಾರ್ಡ್ ಡಿಸ್ಕಿಗೆ ಅಷ್ಟು ಸಾಕು. ಅಳಿಸಲೂ ಆಗದಷ್ಟು ಕೆಟ್ಟಿರುವ ಡಿಸ್ಕನ್ನು ದಪ್ಪ ಗೋಣಿಯಲ್ಲಿ ಸುತ್ತಿ ಸುತ್ತಿಗೆಯಿಂದ ಒಡೆಯಬೇಕಾಗುತ್ತದೆ. ಲ್ಯಾಪ್‌ಟಾಪಿನ ಡಿಸ್ಕುಗಳ ತಟ್ಟೆ ಬಹುಮಟ್ಟಿಗೆ ಗಾಜಿನದಾಗಿರುವುದರಿಂದ ಚೂರು ಸಿಡಿದು ಕಣ್ಣಿಗೆ ತಾಗದಂತೆ ಕನ್ನಡಕ ಧರಿಸಿ.

ಡಬ್ಬವನ್ನು ಗುಜರಿಯವರಿಗೆ ಕೊಡಬೇಡಿ. ತಾಮ್ರಕ್ಕಾಗಿ ತಂತಿ ಸುಡುವ, ಚಿನ್ನಕ್ಕಾಗಿ ಬೋರ್ಡನ್ನು ಆಮ್ಲದಲ್ಲಿ ಅದ್ದುವ ಕಡೆಗೆ ಅದು ಹೋಗಿ ಸೇರಬಹುದು, ಅಲ್ಲಿ ಆ ಹೊಗೆಯನ್ನು ಉಸಿರಾಡುವವರು ಬಡ ಕೂಲಿಗಳು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ವಸ್ತುಗಳು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಹತ್ತಿರದ ನೋಂದಾಯಿತ ಘಟಕ ಎಲ್ಲಿದೆ ಎಂಬುದನ್ನು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು. ಕೊಡುವ ಮೊದಲು ಚೆನ್ನಾಗಿರುವ ರ‍್ಯಾಮ್ ಪಟ್ಟಿಯನ್ನೂ ಸಾಟಾ ಕೇಬಲ್ಲನ್ನೂ ಬಿಚ್ಚಿ ಒಂದು ಕಾಗದದ ಲಕೋಟೆಯಲ್ಲಿ ಹಾಕಿ, ಯಾವ ಯಂತ್ರದ್ದು ಎಂದು ಮೇಲೆ ಬರೆದಿಡಿ. ಅದೇ ಕಾಲದ ಕಂಪ್ಯೂಟರ್ ಇರುವ ನಿಮ್ಮ ಬೀದಿಯ ಇನ್ನೊಂದು ಮನೆಗೆ ಅದು ಬೇಕಾಗಬಹುದು.